ನಿಕೋಟಿನ್ ಗಮ್: ಅರವತ್ತು ದಾಟಿದವರಿಗೆ ಎಷ್ಟು ಒಗ್ಗುತ್ತದೆ?

ಹುಬ್ಬಳ್ಳಿಯ ಬಹುತೇಕ ದೊಡ್ಡ ಔಷಧ ಅಂಗಡಿಗಳಲ್ಲಿ ಗಲ್ಲಾದ ಪಕ್ಕದಲ್ಲೇ, ಕೆಮ್ಮಿನ ಗುಳಿಗೆ ಮತ್ತು ನೋವಿನ ಮುಲಾಮುಗಳ ಸಾಲಿನಲ್ಲಿ, ಬೀಡಿ-ಸಿಗರೇಟು ಬಿಡಲೆಂದು ಅಗಿಯುವ ನಿಕೋಟಿನ್ ಗಮ್ಮಿನ ಪಟ್ಟಿಗಳನ್ನು ಇಟ್ಟಿರುತ್ತಾರೆ. ಎರಡು ಮಿಲಿಗ್ರಾಂ ಶಕ್ತಿಯ ಗಮ್ಮಿಗೆ ವೈದ್ಯರ ಚೀಟಿ ಬೇಕಿಲ್ಲ. ಕೇಳಿದರೆ ಕೊಡುತ್ತಾರೆ, ದುಡ್ಡು ಎಣಿಸಿಕೊಂಡು ಮುಂದಿನ ಗಿರಾಕಿಯ ಕಡೆಗೆ ತಿರುಗುತ್ತಾರೆ. ಈ ವಿಮರ್ಶೆ ಆ ಗಮ್ಮಿನ ಕುರಿತಾದದ್ದು, ಅದರಲ್ಲೂ ನಲವತ್ತು-ಐವತ್ತು ವರ್ಷ ಬೀಡಿ, ಸಿಗರೇಟು ಸೇದಿ ಈಗ ಬಿಡಬೇಕೆಂದಿರುವ ಹಿರಿಯರಿಗೆ ಅದು ಎಷ್ಟರಮಟ್ಟಿಗೆ ಉಪಯೋಗಕ್ಕೆ ಬರುತ್ತದೆ ಎಂಬುದಕ್ಕೆ ಸೀಮಿತವಾದದ್ದು. ಕಂಪನಿಯ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ಮಾರುಕಟ್ಟೆಯಲ್ಲಿರುವ ಗಮ್ಮುಗಳೆಲ್ಲದರ ಒಳಗಿನ ಮದ್ದು ಒಂದೇ. ವ್ಯತ್ಯಾಸವಿರುವುದು ರುಚಿಯಲ್ಲಿ, ಅಗಿಯಲು ಎಷ್ಟು ಮೆದು ಎಂಬುದರಲ್ಲಿ ಮತ್ತು ಬೆಲೆಯಲ್ಲಿ.

ನಮ್ಮ ಮನೆಯಲ್ಲಿ ಇದನ್ನು ಬಳಸಿದವರು ನನ್ನ ಕಾಕಾ. ರೈಲ್ವೆ ವರ್ಕ್‌ಶಾಪಿನಲ್ಲಿ ದುಡಿದು ನಿವೃತ್ತರಾದವರು, ಕೇಶ್ವಾಪುರದಲ್ಲಿ ಮನೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಹಿಡಿದ ಬೀಡಿಯನ್ನು ಎಪ್ಪತ್ತರ ಹೊಸ್ತಿಲಿನವರೆಗೂ ಬಿಟ್ಟಿರಲಿಲ್ಲ. ರಕ್ತದೊತ್ತಡಕ್ಕೆ ಗುಳಿಗೆ ನಡೆಯುತ್ತಿದೆ. ದಮ್ಮಿಗೆ ಇನ್‌ಹೇಲರಿನ ಜೊತೆಗೆ ಥಿಯೋಫಿಲಿನ್ ಇರುವ ಗುಳಿಗೆಯನ್ನೂ ತೆಗೆದುಕೊಳ್ಳುತ್ತಾರೆ. ಮೇಲ್ದವಡೆಯಲ್ಲಿ ಕಟ್ಟಿಸಿಕೊಂಡ ಹಲ್ಲಿನ ಸೆಟ್ ಇದೆ. ಒಬ್ಬ ಸಾಮಾನ್ಯ ಹಿರಿಯರ ಆರೋಗ್ಯದ ಪಟ್ಟಿ ನಮ್ಮ ಕಡೆ ಹೆಚ್ಚುಕಡಿಮೆ ಹೀಗೆಯೇ ಇರುತ್ತದೆ. ಈ ಪಟ್ಟಿಯ ಒಂದೊಂದು ಅಂಶವೂ ಗಮ್ಮಿನ ಜೊತೆ ಒಂದಲ್ಲ ಒಂದು ರೀತಿಯಲ್ಲಿ ಡಿಕ್ಕಿ ಹೊಡೆಯುತ್ತದೆ, ಮತ್ತು ಅದನ್ನು ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ ಎಂಬುದೇ ನನ್ನ ಮುಖ್ಯ ಆಕ್ಷೇಪ. ಇದು ಔಷಧ, ಆದರೆ ಮಾರಾಟವಾಗುತ್ತಿರುವುದು ಪೆಪ್ಪರಮೆಂಟಿನಂತೆ.

ಮೊದಲು ಈ ವಸ್ತುವಿನ ಒಳಗೇನಿದೆ ಎಂಬುದನ್ನು ನೋಡೋಣ. ಇದರ ಹುಟ್ಟು ಸ್ವೀಡನ್ನಿನಲ್ಲಿ ಆಯಿತು. ಜಲಾಂತರ್ಗಾಮಿಯೊಳಗೆ ಸೇದಲು ಅವಕಾಶವಿಲ್ಲದ ನಾವಿಕರು ಬಾಯಲ್ಲಿ ಇಟ್ಟುಕೊಳ್ಳುವ ತಂಬಾಕಿನಿಂದ ಚಟವನ್ನು ತಣಿಸಿಕೊಳ್ಳುವುದನ್ನು ಕಂಡವರೊಬ್ಬರು 1960ರ ದಶಕದ ಕೊನೆಯಲ್ಲಿ ಆ ವಿಷಯವನ್ನು ಔಷಧ ಕಂಪನಿಯೊಂದರ ರಸಾಯನ ವಿಜ್ಞಾನಿ ಓವೆ ಫರ್ನೊ ಅವರ ಗಮನಕ್ಕೆ ತಂದರು. ಹೊಗೆಯಿಲ್ಲದೆ, ತಂಬಾಕಿನ ಎಲೆಯೂ ಇಲ್ಲದೆ, ಬರೀ ನಿಕೋಟಿನ್ನನ್ನು ಬಾಯಿಯ ಒಳಚರ್ಮದ ಮೂಲಕ ರಕ್ತಕ್ಕೆ ಕಳಿಸುವ ಉಪಾಯವನ್ನು ಅವರು ಹುಡುಕಿದರು. ನಿಕೋಟಿನ್ ಒಂದು ರಾಳಕ್ಕೆ ಅಂಟಿಕೊಂಡಿರುತ್ತದೆ; ಅಗಿದಾಗ ಮಾತ್ರ ಬಿಡುಗಡೆಯಾಗುತ್ತದೆ. ಅದು ಬಾಯಿಯ ಚರ್ಮವನ್ನು ದಾಟಬೇಕಾದರೆ ಎಂಜಲು ಕ್ಷಾರಗುಣದ್ದಾಗಿರಬೇಕು. ಅದಕ್ಕಾಗಿ ಗಮ್ಮಿನಲ್ಲಿ ಸೋಡಿಯಂ ಕಾರ್ಬೊನೇಟಿನಂಥ ಲವಣವನ್ನು ಬೆರೆಸಿರುತ್ತಾರೆ. ನಮ್ಮ ಭಾಗದ ಹಿರಿಯರಿಗೆ ಈ ರಸಾಯನಶಾಸ್ತ್ರವನ್ನು ಹೊಸದಾಗಿ ಕಲಿಸಬೇಕಿಲ್ಲ. ಅಂಗೈಯಲ್ಲಿ ತಂಬಾಕಿಗೆ ಸುಣ್ಣ ಹಚ್ಚಿ ತಿಕ್ಕಿದರೆ ಮಾತ್ರ ಅದು ಏರುತ್ತದೆ, ಸುಣ್ಣವಿಲ್ಲದ ತಂಬಾಕು ಸಪ್ಪೆ ಎಂದು ಅವರು ತಾವೇ ಹೇಳುತ್ತಾರೆ. ಸುಣ್ಣ ಮಾಡುವ ಕೆಲಸವನ್ನೇ ಗಮ್ಮಿನೊಳಗಿನ ಲವಣ ಮಾಡುತ್ತದೆ. ಕಾಕಾ ಅವರಿಗೆ ಇದನ್ನು ಹೇಳಿದ ಮೇಲೆಯೇ ಆ ಗಮ್ಮಿನ ಮೇಲೆ ಒಂದಿಷ್ಟು ನಂಬಿಕೆ ಬಂತು.

ನಂಬಿಕೆ ಬಂದದ್ದು ತಡವಾಗಿ. ಮೊದಲ ಅನುಭವ ಕೆಟ್ಟದಾಗಿತ್ತು. ಯಲಿ-ಅಡಿಕಿ ಅಗಿದು ರೂಢಿಯಾದ ಬಾಯಿ ಗಮ್ಮನ್ನೂ ಹಾಗೆಯೇ ಅಗಿಯಿತು, ಒಂದೇ ಸಮನೆ, ರಸ ನುಂಗುತ್ತ. "ಏನಪಾ ಇದು, ಗಂಟ್ಲ ಉರೀತೈತಿ, ಬಿಕ್ಕಳಿಕಿ ನಿಲ್ಲವಲ್ದು" ಎಂದು ಸ್ವಲ್ಪ ಹೊತ್ತಿನಲ್ಲೇ ಉಗುಳಿದರು. ಉರಿಯೂ ಬಿಕ್ಕಳಿಕೆಯೂ ಹೊಟ್ಟೆ ತೊಳಸುವುದೂ ಗಮ್ಮಿನ ದೋಷಗಳೆಂದು ಬಹಳ ಮಂದಿ ತಿಳಿದು ಮೊದಲ ದಿನವೇ ಕೈಬಿಡುತ್ತಾರೆ. ವಾಸ್ತವದಲ್ಲಿ ಅವು ಬೇಗ ಬೇಗ ಅಗಿದದ್ದರ ಫಲ. ನುಂಗಿದ ನಿಕೋಟಿನ್ ಹೊಟ್ಟೆಯನ್ನು ಕೆರಳಿಸುತ್ತದೆ. ಅದರ ಬಹುಭಾಗವನ್ನು ಯಕೃತ್ತು ಮೊದಲ ಸುತ್ತಿನಲ್ಲೇ ಒಡೆದುಹಾಕುವುದರಿಂದ ಚಟವೂ ತಣಿಯುವುದಿಲ್ಲ. ಸರಿಯಾದ ಕ್ರಮವೆಂದರೆ ನಿಧಾನವಾಗಿ ಒಂದಿಷ್ಟು ಸಲ ಅಗಿದು, ನಾಲಿಗೆಗೆ ಚುರುಗುಟ್ಟುವ ಖಾರ ತಿಳಿದ ಕೂಡಲೇ ನಿಲ್ಲಿಸಿ, ಗಮ್ಮನ್ನು ಕೆನ್ನೆ ಮತ್ತು ಒಸಡಿನ ನಡುವೆ ಒತ್ತಿ ಇಡುವುದು. ಖಾರ ಇಳಿದ ಮೇಲೆ ಮತ್ತೆ ಸ್ವಲ್ಪ ಅಗಿದು, ಈ ಬಾರಿ ಇನ್ನೊಂದು ಕೆನ್ನೆಯ ಕಡೆಗೆ ಇಡುವುದು. ಹೀಗೆ ಸುಮಾರು ಅರ್ಧ ತಾಸು. ಅಂದರೆ ಇದು ಹೆಚ್ಚಿನ ಹೊತ್ತು ಸುಮ್ಮನೆ ಇಟ್ಟುಕೊಳ್ಳುವ ಮದ್ದು, ಅಗಿಯುವುದು ಅದರ ಸಣ್ಣ ಭಾಗ. "ಯಲಿ ಅಗದಂಗ ಅಗೀಬ್ಯಾಡ್ರಿ, ತಂಬಾಕ ಇಟ್ಕೊಂಡಂಗ ಇಟ್ಕೋರಿ" ಎಂದು ಅವರ ಹೆಂಡತಿ, ನಮ್ಮ ಕಾಕೂ, ದಿನವೂ ಹೇಳಿ ಹೇಳಿ ಅದು ರೂಢಿಗೆ ಬಂತು. ಈ ಕ್ರಮವನ್ನು ಹೇಳುವ ಕಾಗದ ಪೊಟ್ಟಣದೊಳಗೆ ಇತ್ತು ನಿಜ. ಆದರೆ ನಾವು ಕೊಂಡ ಪೊಟ್ಟಣದಲ್ಲಿ ಅದು ಕನ್ನಡದಲ್ಲಿರಲಿಲ್ಲ, ಅಕ್ಷರಗಳಂತೂ ಚಸ್ಮಾ ಹಾಕಿಕೊಂಡ ಹಿರಿಯರಿಗೆ ಭೂತಗನ್ನಡಿಯನ್ನೂ ಬೇಡುವಂತಿದ್ದವು. ಈ ಒಂದು ಕೊರತೆಗೆ ಮಾತ್ರ ನಾನು ಯಾವ ರಿಯಾಯಿತಿಯನ್ನೂ ಕೊಡಲಾರೆ.

ಚಹಾದ ವಿಷಯವನ್ನು ಇಲ್ಲಿಯೇ ಹೇಳಬೇಕು. ಚಹಾ, ಕಾಫಿ, ಸೋಡಾ, ಲಿಂಬೆಹಣ್ಣಿನ ಪಾನಕ ಇವೆಲ್ಲ ಎಂಜಲನ್ನು ಆಮ್ಲದ ಕಡೆಗೆ ತಿರುಗಿಸುತ್ತವೆ. ಆಗ ಗಮ್ಮಿನಿಂದ ಹೊರಬಂದ ನಿಕೋಟಿನ್ ಚರ್ಮವನ್ನು ದಾಟದೆ ಹೊಟ್ಟೆಗೆ ಇಳಿಯುತ್ತದೆ. ಗಮ್ ಬಾಯಿಗೆ ಹಾಕುವ ಹದಿನೈದು ನಿಮಿಷ ಮೊದಲಿನಿಂದ ಹಿಡಿದು ಅದು ಬಾಯಲ್ಲಿರುವಷ್ಟು ಹೊತ್ತೂ ನೀರನ್ನು ಬಿಟ್ಟು ಏನನ್ನೂ ಕುಡಿಯಬಾರದು. ಕೇಳಲು ಸಣ್ಣ ನಿಯಮ. ಆದರೆ ದುರ್ಗದಬೈಲಿನ ಗಿರಮಿಟ್ಟು-ಮಿರ್ಚಿಯ ನಂತರದ ಚಹಾವನ್ನೂ, ಚಹಾದ ನಂತರದ ಬೀಡಿಯನ್ನೂ ಐವತ್ತು ವರ್ಷ ಒಂದೇ ಎಳೆಯಲ್ಲಿ ಪೋಣಿಸಿಕೊಂಡವರಿಗೆ, ಬೀಡಿಯ ಆಸೆ ಅತಿ ಜೋರಾಗಿ ಏಳುವ ಗಳಿಗೆಯಲ್ಲೇ ಗಮ್ ಕೆಲಸ ಮಾಡುವುದಿಲ್ಲ ಎಂದರೆ ಅದು ಸಣ್ಣ ತೊಡಕಲ್ಲ. ನಾವು ಕಂಡುಕೊಂಡ ಉಪಾಯವೆಂದರೆ ಕ್ರಮವನ್ನೇ ತಿರುಗಿಸುವುದು: ಮೊದಲು ಗಮ್, ಅದು ಮುಗಿದ ಮೇಲೆ ಚಹಾ. ಆಸೆ ಏಳುವ ಮೊದಲೇ ರಕ್ತದಲ್ಲಿ ಒಂದಿಷ್ಟು ನಿಕೋಟಿನ್ ಇರುತ್ತದೆ. ಗಮ್ಮಿನಿಂದ ನಿಕೋಟಿನ್ ಮಟ್ಟ ಏರಲು ಇಪ್ಪತ್ತು-ಮೂವತ್ತು ನಿಮಿಷ ಬೇಕು. ಹೊಗೆಯ ಮೂಲಕವಾದರೆ ಅದು ಕೆಲವೇ ಸೆಕೆಂಡುಗಳಲ್ಲಿ ಮಿದುಳನ್ನು ಮುಟ್ಟುತ್ತದೆ. ಆ ಹೊಡೆತ ಗಮ್ಮಿನಲ್ಲಿ ಎಂದೂ ಸಿಗುವುದಿಲ್ಲ. ಸಿಗಬಾರದು ಕೂಡ, ಏಕೆಂದರೆ ಚಟವನ್ನು ಬಲಪಡಿಸುವುದು ಆ ವೇಗವೇ. ಇದನ್ನು ಮೊದಲೇ ತಿಳಿಸಿದ್ದರೆ "ಇದರಾಗ ಏನೂ ಇಲ್ಲ" ಎಂಬ ದೂರು ಅರ್ಧಕ್ಕರ್ಧ ಕಡಿಮೆಯಾಗುತ್ತದೆ.

ಶಕ್ತಿಯ ಆಯ್ಕೆಯಲ್ಲಿ ಅಂಗಡಿಯವರು ಕೇಳಬೇಕಾದದ್ದು ಒಂದೇ ಪ್ರಶ್ನೆ: ಬೆಳಿಗ್ಗೆ ಎದ್ದ ಎಷ್ಟು ಹೊತ್ತಿಗೆ ಮೊದಲನೆಯದನ್ನು ಹಚ್ಚುತ್ತೀರಿ? ನಿಕೋಟಿನ್ ಅವಲಂಬನೆಯನ್ನು ಅಳೆಯಲು ಲೋಕವೆಲ್ಲ ಬಳಸುವ ಫಾಗರ್‌ಸ್ಟ್ರಾಮ್ ಪ್ರಶ್ನಾವಳಿಯಲ್ಲಿ ಆರು ಪ್ರಶ್ನೆಗಳಿವೆ, ಒಟ್ಟು ಹತ್ತು ಅಂಕ. ಎದ್ದ ಐದು ನಿಮಿಷದೊಳಗೆ ಸೇದುವವರಿಗೆ ಆ ಒಂದೇ ಪ್ರಶ್ನೆಗೆ ಮೂರು ಅಂಕ ಬೀಳುತ್ತದೆ. ಎದ್ದ ಅರ್ಧ ತಾಸಿನೊಳಗೆ ಸೇದುವವರಿಗೆ ನಾಲ್ಕು ಮಿಲಿಗ್ರಾಂ ಗಮ್, ಉಳಿದವರಿಗೆ ಎರಡು ಮಿಲಿಗ್ರಾಂ ಗಮ್ ಎಂಬುದು ಸಾಮಾನ್ಯ ಸೂತ್ರ. ಕಾಕಾ ಅವರ ಪೀಳಿಗೆಯ ಬೀಡಿ ಸೇದುವವರಲ್ಲಿ ಮುಖ ತೊಳೆಯುವ ಮೊದಲೇ ಹಚ್ಚುವವರು ಅನೇಕರಿದ್ದಾರೆ. ಅಂಥವರ ಕೈಗೆ ಎರಡು ಮಿಲಿಗ್ರಾಂ ಪಟ್ಟಿಯನ್ನು ಕೊಟ್ಟು ಕಳಿಸಿದರೆ ಬಾಯಿ ತುಂಬ ಗಮ್ ಇದ್ದರೂ ಕೈ ಬೀಡಿಯ ಕಡೆಗೇ ಹೋಗುತ್ತದೆ. ನಾವು ಹೋದ ಅಂಗಡಿಯಲ್ಲಿ ಈ ಪ್ರಶ್ನೆ ಬರಲಿಲ್ಲ. ರುಚಿ ಯಾವುದು ಬೇಕೆಂದು ಮಾತ್ರ ಕೇಳಿದರು. ಎರಡನೆಯ ಸಮಸ್ಯೆ ಎಣಿಕೆಯದು. ಆಸೆ ಬಂದಾಗ ಒಂದು ತಿಂದರಾಯಿತು ಎಂಬ ಲೆಕ್ಕದಲ್ಲಿ ದಿನಕ್ಕೆ ಎರಡು-ಮೂರು ಗಮ್ ಬಳಸುವವರೇ ಹೆಚ್ಚು. ಬಿಟ್ಟ ಮೊದಲ ಆರು ವಾರ ಒಂದೆರಡು ತಾಸಿಗೊಂದರಂತೆ, ಮುಂದಿನ ಮೂರು ವಾರ ಎರಡರಿಂದ ನಾಲ್ಕು ತಾಸಿಗೊಂದರಂತೆ, ಕೊನೆಯ ಮೂರು ವಾರ ನಾಲ್ಕರಿಂದ ಎಂಟು ತಾಸಿಗೊಂದರಂತೆ ಇಳಿಸುತ್ತ ಹೋಗುವುದು ಇದರ ನಿಗದಿತ ಕ್ರಮ. ಔಷಧದಂತೆ ಗಡಿಯಾರ ನೋಡಿ ತೆಗೆದುಕೊಳ್ಳಬೇಕು ಎಂದು ಯಾರಾದರೂ ಹೇಳದಿದ್ದರೆ ಹಿರಿಯರು ಇದನ್ನು ಮಿತವಾಗಿ ಉಳಿಸಿ ಉಳಿಸಿ ತಿನ್ನುತ್ತಾರೆ.

ಮೇಲ್ದವಡೆಯ ಹಲ್ಲಿನ ಸೆಟ್ಟಿಗೆ ಗಮ್ ಅಂಟುತ್ತದೆ. ಇದಕ್ಕೆ ಉಪಾಯವಿಲ್ಲ. ಕಾಕಾ ಅವರು ಕೆಳಗಿನ ಸ್ವಂತ ಹಲ್ಲುಗಳ ಒಂದೇ ಬದಿಯಲ್ಲಿ ಅಗಿಯುವ ಸರ್ಕಸ್ಸು ಮಾಡಿದರು. ದವಡೆ ನೋಯಲು ಶುರುವಾಯಿತು. ಪೂರ್ತಿ ಸೆಟ್ ಇರುವವರು, ಅಲುಗಾಡುವ ಹಲ್ಲಿನವರು, ದವಡೆಯ ಕೀಲು ನೋವಿನವರು ಈ ಗಮ್ಮನ್ನು ಕೊಳ್ಳಲೇಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಅವರಿಗೆ ಅದೇ ಮದ್ದಿನ ಚೀಪುವ ಗುಳಿಗೆ ಇದೆ. ಇಲ್ಲವೇ ಚರ್ಮಕ್ಕೆ ಅಂಟಿಸಿಕೊಳ್ಳುವ ಪ್ಯಾಚ್ ಇದೆ. ಪ್ಯಾಚನ್ನು ಬೆಳಿಗ್ಗೆ ಒಮ್ಮೆ ತೋಳಿಗೋ ಬೆನ್ನಿಗೋ ಹಚ್ಚಿದರೆ ದಿನವಿಡೀ ಒಂದೇ ಮಟ್ಟದಲ್ಲಿ ನಿಕೋಟಿನ್ ಒಳಹೋಗುತ್ತದೆ, ನೆನಪಿಡುವ ಗೋಜಿಲ್ಲ, ಚಹಾದ ತಂಟೆಯಿಲ್ಲ. ವಯಸ್ಸಾದವರ ತೆಳುವಾದ ಚರ್ಮದಲ್ಲಿ ತುರಿಕೆ, ಕೆಂಪು ಬರಬಹುದಾದ್ದರಿಂದ ಜಾಗವನ್ನು ದಿನವೂ ಬದಲಿಸಬೇಕು. ರಾತ್ರಿ ಕೆಟ್ಟ ಕನಸು ಬಿದ್ದರೆ ಮಲಗುವ ಮುನ್ನ ತೆಗೆಯಬೇಕು. ಪ್ಯಾಚಿನ ಜೊತೆಗೆ, ಆಸೆ ಕೆರಳಿದಾಗ ಮಾತ್ರ ಗಮ್ ಅಥವಾ ಚೀಪುಗುಳಿಗೆಯನ್ನು ಸೇರಿಸಿದರೆ ಒಂದನ್ನೇ ಬಳಸುವುದಕ್ಕಿಂತ ಹೆಚ್ಚು ಮಂದಿ ಬಿಡಲು ಸಾಧ್ಯವಾಗುತ್ತದೆ ಎಂಬುದು ಅನೇಕ ಪ್ರಯೋಗಗಳಿಂದ ಸ್ಥಿರಪಟ್ಟ ಸಂಗತಿ. ನಮ್ಮಲ್ಲೂ ಕೊನೆಗೆ ವೈದ್ಯರು ಈ ದಾರಿಯನ್ನೇ ಹಿಡಿಸಿದರು. ತೊಂದರೆಯೆಂದರೆ ಗಮ್ ಸಿಕ್ಕಷ್ಟು ಸುಲಭವಾಗಿ ಪ್ಯಾಚ್ ಸಿಗಲಿಲ್ಲ. ಮೊದಲೇ ಹೇಳಿ ತರಿಸಿಕೊಳ್ಳಬೇಕಾಯಿತು.

ಇನ್ನು ನಾನು ಈ ಬರಹವನ್ನು ಬರೆಯಲು ಮುಖ್ಯ ಕಾರಣವಾದ ವಿಷಯಕ್ಕೆ ಬರುತ್ತೇನೆ. ತಂಬಾಕಿನ ಹೊಗೆಯಲ್ಲಿರುವ ಟಾರಿನ ಕೆಲವು ಅಂಶಗಳು ಯಕೃತ್ತಿನ ಒಂದು ಕಿಣ್ವವನ್ನು ಸದಾ ಚುರುಕಾಗಿ ಇಟ್ಟಿರುತ್ತವೆ. ಆ ಕಿಣ್ವ ಒಡೆಯುವ ಔಷಧಗಳಲ್ಲಿ ದಮ್ಮಿನವರಿಗೆ ದಶಕಗಳಿಂದ ಪರಿಚಿತವಾದ ಥಿಯೋಫಿಲಿನ್ ಒಂದು. ಡೆರಿಫಿಲಿನ್ ಎಂದು ನಮ್ಮ ಹಿರಿಯರು ಹೆಸರು ಹಿಡಿದು ಕೇಳುವ ಗುಳಿಗೆಯಲ್ಲಿರುವುದೂ ಅದೇ ಗುಂಪಿನ ಮದ್ದು. ಸೇದುವವರ ದೇಹ ಇದನ್ನು ಬೇಗ ಖರ್ಚು ಮಾಡಿಬಿಡುವುದರಿಂದ ಅವರಿಗೆ ಹೆಚ್ಚಿನ ಪ್ರಮಾಣ ಹೊಂದಿಕೊಂಡಿರುತ್ತದೆ. ಸೇದುವುದನ್ನು ಬಿಟ್ಟ ಒಂದು ವಾರದೊಳಗೆ ಕಿಣ್ವದ ಚುರುಕು ಇಳಿಯುತ್ತದೆ, ಅದೇ ಪ್ರಮಾಣದ ಗುಳಿಗೆಯಿಂದ ರಕ್ತದಲ್ಲಿ ಮದ್ದಿನ ಮಟ್ಟ ಏರತೊಡಗುತ್ತದೆ. ಥಿಯೋಫಿಲಿನ್ನಿನಲ್ಲಿ ಗುಣ ಮಾಡುವ ಮಟ್ಟಕ್ಕೂ ವಿಷವಾಗುವ ಮಟ್ಟಕ್ಕೂ ಅಂತರ ಬಹಳ ಕಡಿಮೆ: ವಾಂತಿ, ಕೈನಡುಕ, ಎದೆ ಬಡಿತ, ನಿದ್ದೆಗೇಡು, ಅತಿಯಾದರೆ ಮೂರ್ಛೆ. ಬಿಟ್ಟ ಹೊಸತರಲ್ಲಿ ಇದರ ಪ್ರಮಾಣವನ್ನು ಕಾಲು ಭಾಗದಿಂದ ಮೂರನೆಯ ಒಂದು ಭಾಗದವರೆಗೆ ತಗ್ಗಿಸಬೇಕಾಗಬಹುದು. ಆದರೆ ಅದನ್ನು ವೈದ್ಯರೇ ನಿರ್ಧರಿಸಬೇಕು, ನಾವಾಗಿ ಗುಳಿಗೆಯನ್ನು ಮುರಿದು ನುಂಗುವಂತಿಲ್ಲ. ಮಾನಸಿಕ ಕಾಯಿಲೆಗೆ ಓಲಾಂಜಪಿನ್, ಕ್ಲೋಜಪಿನ್ ತೆಗೆದುಕೊಳ್ಳುವವರಿಗೂ ಇದೇ ಎಚ್ಚರಿಕೆ ಅನ್ವಯಿಸುತ್ತದೆ. ಗಮನಿಸಬೇಕಾದದ್ದೇನೆಂದರೆ ಕಿಣ್ವವನ್ನು ಕೆರಳಿಸುವುದು ಹೊಗೆ, ನಿಕೋಟಿನ್ ಅಲ್ಲ. ಆದ್ದರಿಂದ ಗಮ್ ತಿನ್ನುತ್ತಿದ್ದೇನಲ್ಲ, ದೇಹಕ್ಕೆ ವ್ಯತ್ಯಾಸವೇ ತಿಳಿಯುವುದಿಲ್ಲ ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಚಹಾ, ಕಾಫಿಯಲ್ಲಿರುವ ಕೆಫೀನನ್ನು ಒಡೆಯುವುದೂ ಅದೇ ಕಿಣ್ವ. ಬೀಡಿ ಬಿಟ್ಟವರು ಹಿಂದಿನಷ್ಟೇ ಚಹಾ ಕುಡಿದರೆ ರಕ್ತದಲ್ಲಿ ಕೆಫೀನ್ ಹೆಚ್ಚು ಹೊತ್ತು ಉಳಿಯುತ್ತದೆ. ಚಡಪಡಿಕೆ, ನಿದ್ದೆಯಿಲ್ಲದಿರುವಿಕೆ ಶುರುವಾಗುತ್ತದೆ. ಮನೆಯವರು ಅದನ್ನು ಬೀಡಿ ಬಿಟ್ಟದ್ದರ ಸಂಕಟವೆಂದು ತಿಳಿಯುತ್ತಾರೆ. ಹಿರಿಯರು "ನನಗ ಬೀಡಿನ ಔಷಧ" ಎಂದು ತೀರ್ಮಾನಿಸಿ ಮತ್ತೆ ಹಚ್ಚುತ್ತಾರೆ. ಚಹಾವನ್ನು ಅರ್ಧಕ್ಕೆ ಇಳಿಸಿದರೆ ಎಷ್ಟೋ ಉಪದ್ರವ ತಾನಾಗಿ ಅಡಗುತ್ತದೆ. ಕಾಕಾ ಅವರಲ್ಲಿ ಕೈನಡುಕ ಕಾಣಿಸಿಕೊಂಡಾಗ ವೈದ್ಯರು ಚಹಾ ಮತ್ತು ಥಿಯೋಫಿಲಿನ್ ಎರಡನ್ನೂ ತಗ್ಗಿಸಿದರು, ನಡುಕ ಇಳಿಯಿತು. ಗಮ್ ಮಾರುವ ಪ್ರತಿಯೊಬ್ಬರೂ "ದಮ್ಮಿನ ಗುಳಿಗಿ ತೊಗೋತೀರೇನ್ರಿ?" ಎಂಬ ಒಂದು ಪ್ರಶ್ನೆಯನ್ನು ಕೇಳಿದರೆ ಸಾಕಿತ್ತು.

ಹೊಟ್ಟೆಯ ಕುರಿತ ದೂರನ್ನು ಹಿರಿಯರ ನೆಪವೆಂದು ನಗುವವರಿದ್ದಾರೆ. "ಮುಂಜಾನೆ ಬೀಡಿ ಇಲ್ಲಂದ್ರ ಹೊಟ್ಟಿ ಸಾಫ್ ಆಗಂಗಿಲ್ಲ" ಎಂಬ ಮಾತಿನಲ್ಲಿ ಸತ್ಯವಿದೆ. ನಿಕೋಟಿನ್ ಕರುಳಿನ ಚಲನೆಯನ್ನು ಚುರುಕುಗೊಳಿಸುತ್ತದೆ. ಬಿಟ್ಟವರಲ್ಲಿ ಕೆಲವರಿಗೆ ಕೆಲವು ವಾರ ಮಲಬದ್ಧತೆ ಉಂಟಾಗುತ್ತದೆ. ಬೆಳಗಿನ ಗಮ್ ಇದನ್ನು ಸ್ವಲ್ಪ ಸರಿದೂಗಿಸಬಹುದು, ನೀರು, ಹಸಿ ತರಕಾರಿ ಮತ್ತು ಅಗತ್ಯವಿದ್ದರೆ ಇಸಬಗೋಲು ಉಳಿದದ್ದನ್ನು ನೋಡಿಕೊಳ್ಳುತ್ತವೆ. ಸಿಟ್ಟು, ಮಂಕು ಮೊದಲ ಎರಡು-ಮೂರು ದಿನಗಳಲ್ಲಿ ತೀವ್ರವಾಗಿದ್ದು ಎರಡರಿಂದ ನಾಲ್ಕು ವಾರಗಳಲ್ಲಿ ಇಳಿಯುತ್ತವೆ. ಮಂಕು ಇಳಿಯದೆ ಉಳಿದರೆ ಅದನ್ನು ವಯಸ್ಸಿನ ಲೆಕ್ಕಕ್ಕೆ ಬರೆದುಬಿಡದೆ ವೈದ್ಯರಿಗೆ ತೋರಿಸಬೇಕು.

ಹೃದಯದ ತೊಂದರೆಯಿದ್ದವರು ಗಮ್ ತಿನ್ನಬಾರದು ಎಂಬ ಭಯ ಊರೆಲ್ಲ ಹಬ್ಬಿದೆ. ಇತ್ತೀಚೆಗಷ್ಟೇ ಹೃದಯಾಘಾತವಾದವರು, ಎದೆನೋವು ಹತೋಟಿಗೆ ಬಾರದವರು, ಹೃದಯದ ಬಡಿತ ತೀವ್ರವಾಗಿ ಏರುಪೇರಾಗುವವರು ವೈದ್ಯರನ್ನು ಕೇಳದೆ ಮುಟ್ಟಬಾರದು, ನಿಜ. ಉಳಿದವರಿಗೆ ಹೋಲಿಕೆ ಮಾಡಬೇಕಾದದ್ದು ಗಮ್ಮನ್ನು ಬೀಡಿಯ ಜೊತೆ. ಬೀಡಿಯ ಹೊಗೆಯಲ್ಲಿ ನಿಕೋಟಿನ್ನಿನ ಜೊತೆಗೆ ಕಾರ್ಬನ್ ಮೊನಾಕ್ಸೈಡ್ ಇದೆ, ಟಾರ್ ಇದೆ, ರಕ್ತ ಹೆಪ್ಪುಗಟ್ಟಿಸುವ ಅಂಶಗಳಿವೆ. ಗಮ್ಮಿನಲ್ಲಿ ಅವಾವುವೂ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿಯೇ ನಿಕೋಟಿನ್ ಬದಲಿ ಚಿಕಿತ್ಸೆಯನ್ನು ಅತ್ಯಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಭಾರತದ 2022ರ ರಾಷ್ಟ್ರೀಯ ಪಟ್ಟಿಯಲ್ಲಿಯೂ ಅದು ಸ್ಥಾನ ಪಡೆದಿದೆ.

"ಐವತ್ತ ವರ್ಷ ಸೇದೇನಿ, ಈಗ ಬಿಟ್ರ ಏನ್ ಬರತೈತಿ?" ಎಂಬ ಪ್ರಶ್ನೆಗೂ ಉತ್ತರವಿದೆ. ಬ್ರಿಟನ್ನಿನ ಪುರುಷ ವೈದ್ಯರನ್ನು ಐವತ್ತು ವರ್ಷ ಹಿಂಬಾಲಿಸಿ ರಿಚರ್ಡ್ ಡಾಲ್ ಮತ್ತು ಸಂಗಡಿಗರು 2004ರಲ್ಲಿ ಪ್ರಕಟಿಸಿದ ಫಲಿತಾಂಶದ ಪ್ರಕಾರ, ಜೀವನಪೂರ್ತಿ ಸಿಗರೇಟು ಸೇದಿದವರು ಸರಾಸರಿ ಹತ್ತು ವರ್ಷ ಮೊದಲೇ ಸತ್ತರು. ಅರವತ್ತರಲ್ಲಿ ಬಿಟ್ಟವರು ಅದರಲ್ಲಿ ಸುಮಾರು ಮೂರು ವರ್ಷವನ್ನು, ಐವತ್ತರಲ್ಲಿ ಬಿಟ್ಟವರು ಸುಮಾರು ಆರು ವರ್ಷವನ್ನು ಮರಳಿ ಗಳಿಸಿದರು. ದಮ್ಮಿನವರಿಗೆ ವರ್ಷಗಳ ಲೆಕ್ಕಕ್ಕಿಂತ ಇನ್ನೊಂದು ಮಾತು ಹೆಚ್ಚು ತಟ್ಟುತ್ತದೆ: ಕಳೆದುಹೋದ ಶ್ವಾಸಕೋಶದ ಬಲ ಪೂರ್ತಿ ಮರಳುವುದಿಲ್ಲ, ಆದರೆ ಮುಂದೆ ಇಳಿಯುವ ವೇಗ ನಿಧಾನವಾಗುತ್ತದೆ. ಉಣಕಲ್ ಕೆರೆಯ ದಂಡೆಯ ಮೇಲೆ ಇವತ್ತು ಎಷ್ಟು ದೂರ ನಡೆಯಬಲ್ಲರೋ ಅಷ್ಟನ್ನಾದರೂ ಇನ್ನೂ ಕೆಲವು ವರ್ಷ ಉಳಿಸಿಕೊಳ್ಳುವುದು ಎಪ್ಪತ್ತರ ಮನುಷ್ಯನಿಗೆ ಸಣ್ಣ ಲಾಭವಲ್ಲ.

ಬೆಲೆಯ ವಿಷಯದಲ್ಲಿ ಈ ವಸ್ತು ಸೋಲುತ್ತದೆ. ಸಿಗರೇಟು ಸೇದುವವರಿಗೆ ಗಮ್ ದುಬಾರಿಯೆನಿಸದು. ಆದರೆ ಒಂದು ಕಟ್ಟು ಬೀಡಿಯ ದುಡ್ಡಿನಲ್ಲಿ ಕೈಗೆ ಬರುವ ಗಮ್ಮುಗಳು ಕೆಲವೇ ಕೆಲವು. ದಿನಕ್ಕೆ ಹತ್ತು ಗಮ್ಮಿನಂತೆ ಆರು ವಾರ ಎಂದರೆ ಪಿಂಚಣಿಯಿಲ್ಲದ ಹಮಾಲರಿಗೋ ಗದಗ-ಹಾವೇರಿ ಕಡೆಯ ಒಕ್ಕಲುತನದ ಹಿರಿಯರಿಗೋ ಅದು ಭರಿಸಲಾಗದ ಖರ್ಚು. ಅಂಥವರು ಮೊದಲು ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸುವುದು ಒಳ್ಳೆಯದು; ರಾಷ್ಟ್ರೀಯ ತಂಬಾಕು ನಿಯಂತ್ರಣ ಕಾರ್ಯಕ್ರಮದಡಿ ಜಿಲ್ಲಾ ಮಟ್ಟದಲ್ಲಿ ತಂಬಾಕು ವ್ಯಸನಮುಕ್ತಿ ಕೇಂದ್ರಗಳ ವ್ಯವಸ್ಥೆಯಿದೆ. ಮಾನಸಿಕ ಕಾಯಿಲೆಯೂ ಜೊತೆಗಿದ್ದವರಿಗೆ ಧಾರವಾಡದ ಡಿಮ್ಹಾನ್ಸ್ ಮಾನಸಿಕ ಆರೋಗ್ಯ ಸಂಸ್ಥೆ ಹತ್ತಿರದ ದಾರಿ.

ಗಮ್ಮಿನ ಪಟ್ಟಿಗಿಂತ ಹೆಚ್ಚು ಬೆಲೆಬಾಳುವ ವಸ್ತು ಬೀಡಿ-ಸಿಗರೇಟಿನ ಪೊಟ್ಟಣದ ಮೇಲೆಯೇ ಅಚ್ಚಾಗಿದೆ, ಅದೂ ಪುಕ್ಕಟೆ: 1800-11-2356 ಎಂಬ ರಾಷ್ಟ್ರೀಯ ಸಹಾಯವಾಣಿ. 2016ರಲ್ಲಿ ದಿಲ್ಲಿಯ ವಲ್ಲಭಭಾಯಿ ಪಟೇಲ್ ಚೆಸ್ಟ್ ಇನ್‌ಸ್ಟಿಟ್ಯೂಟಿನಲ್ಲಿ ಶುರುವಾದ ಈ ಸೇವೆಗೆ ಬೆಂಗಳೂರಿನ ನಿಮ್ಹಾನ್ಸ್ ಸೇರಿಕೊಂಡ ಮೇಲೆ ಕನ್ನಡದಲ್ಲಿ ಆಪ್ತಸಮಾಲೋಚನೆ ಸಿಗುತ್ತಿದೆ. ಬೆಳಿಗ್ಗೆ ಎಂಟರಿಂದ ರಾತ್ರಿ ಎಂಟರವರೆಗೆ ನಡೆಯುತ್ತದೆ, ಸೋಮವಾರ ರಜೆ. ಒಮ್ಮೆ ಹೆಸರು ಬರೆಸಿದರೆ ಬಿಡುವ ದಿನವನ್ನು ಗೊತ್ತುಮಾಡಿ ಮುಂದೆ ಅವರಾಗಿಯೇ ಕರೆ ಮಾಡಿ ವಿಚಾರಿಸುತ್ತಾರೆ. ಇಲ್ಲಿ ಮನೆಯವರು ಅನುಸರಿಸಬೇಕಾದ ಒಂದು ಸಂಯಮವಿದೆ: ಫೋನನ್ನು ಹಿರಿಯರ ಕೈಗೆ ಕೊಟ್ಟು ದೂರ ಹೋಗಬೇಕು. ಮಗ, ಸೊಸೆ, ಅಣ್ಣನ ಮಗ ಪಕ್ಕದಲ್ಲಿ ಕುಳಿತಿದ್ದರೆ ದಿನಕ್ಕೆ ಎಷ್ಟು ಬೀಡಿ ಎಂಬ ಪ್ರಶ್ನೆಗೆ ಅರ್ಧ ಸಂಖ್ಯೆಯೇ ಬಾಯಿಂದ ಬರುತ್ತದೆ. ಕಿವಿ ಮಂದವಿದ್ದವರಿಗೆ ಸ್ಪೀಕರ್ ಹಾಕಿಕೊಟ್ಟು ಬಾಗಿಲು ಮುಂದೆ ಮಾಡಿದರೆ ಆಯಿತು. ಕಾಕಾ ಅವರು ನಮ್ಮ ಯಾರ ಮಾತಿಗೂ ಕೊಡದ ಬೆಲೆಯನ್ನು ಆ ಕರೆಗಳಿಗೆ ಕೊಟ್ಟರು. "ಆ ಹುಡುಗಿ ಬೈಯೂದಿಲ್ಲ" ಎಂಬುದು ಅವರ ವಿವರಣೆ.

ಇನ್ನೊಂದು ಅಪಾಯ ನಮ್ಮ ಪ್ರದೇಶಕ್ಕೆ ವಿಶೇಷವಾದದ್ದು. 2016-17ರ ವಯಸ್ಕರ ತಂಬಾಕು ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಸೇದುವವರು ಶೇಕಡಾ 8.8, ಹೊಗೆಯಿಲ್ಲದ ತಂಬಾಕು ಬಳಸುವವರು ಶೇಕಡಾ 16.3. ಬೀಡಿ ಬಿಟ್ಟು, ಗಮ್ ಸಪ್ಪೆಯೆನಿಸಿ, ದುಬಾರಿಯೂ ಆಗಿ, ಪಾನ್ ಅಂಗಡಿಯಲ್ಲಿ ಸುಲಭಕ್ಕೆ ಸಿಗುವ ತಂಬಾಕಿಗೆ ಕೈಹಾಕಿದ ಹಿರಿಯರನ್ನು ನಾನೇ ನೋಡಿದ್ದೇನೆ. ಅದು ಬಿಟ್ಟಂತಲ್ಲ; ದಮ್ಮಿನ ಜಾಗಕ್ಕೆ ಬಾಯಿ ಹುಣ್ಣನ್ನು ಕರೆದಂತೆ. ಪಾನ್ ರುಚಿಯ ಗಮ್ಮನ್ನು ನಾನು ಮೆಚ್ಚದಿರುವುದೂ ಈ ಕಾರಣಕ್ಕೇ. ಹಳೆಯ ಬಾಯಿಗೆ ಹಳೆಯ ರುಚಿಯನ್ನು ನೆನಪಿಸುವುದರಿಂದ ಮಾರಾಟಕ್ಕೆ ಅನುಕೂಲವಾದೀತು, ಬಿಡುವುದಕ್ಕಲ್ಲ. ಪುದೀನಾ ಸಾಕು.

ಗಮ್ಮಿನದೇ ಚಟ ಹತ್ತಿದರೆ ಎಂಬ ಚಿಂತೆಯನ್ನು ಕಾಕೂ ವ್ಯಕ್ತಪಡಿಸಿದ್ದರು. ಕೆಲವರು ಹನ್ನೆರಡು ವಾರಕ್ಕೂ ಮೀರಿ ತಿನ್ನುತ್ತಾರೆ, ಅದು ನಿಜ. ಬೀಡಿಗೆ ಮರಳುವುದಕ್ಕಿಂತ ಅದು ಎಷ್ಟೋ ಮೇಲು. ಕಾಕಾ ಅವರೂ ಈಗ ಪ್ಯಾಚ್ ಬಿಟ್ಟು, ಸಂಜೆಯ ಚಹಾಕ್ಕೆ ಮುನ್ನ ಮಾತ್ರ ಒಂದು ಚೀಪುಗುಳಿಗೆ ಇಟ್ಟುಕೊಳ್ಳುತ್ತಾರೆ, ವೈದ್ಯರು ಅದಕ್ಕೆ ಅವಸರ ಮಾಡಿಲ್ಲ. ಕೊಳ್ಳುವವರು ಎರಡು ಸಂಗತಿಗಳನ್ನು ನೋಡಿಕೊಳ್ಳಬೇಕು. ಸಣ್ಣ ಊರಿನ ಅಂಗಡಿಗಳಲ್ಲಿ ನಾಲ್ಕು ಮಿಲಿಗ್ರಾಂ ಪಟ್ಟಿಗಳು ಬೇಗ ಖರ್ಚಾಗದೆ ಕಪಾಟಿನಲ್ಲಿ ಉಳಿದಿರಬಹುದು, ಆದ್ದರಿಂದ ಅವಧಿ ಮುಗಿಯುವ ತಾರೀಖನ್ನು ಓದಿಯೇ ತರಬೇಕು. ಅಗಿದು ಮುಗಿಸಿದ ಗಮ್ಮಿನಲ್ಲಿ ಕೂಡ ಮಗುವಿಗೆ ವಿಷವಾಗುವಷ್ಟು ನಿಕೋಟಿನ್ ಉಳಿದಿರಬಹುದು. ಮೊಮ್ಮಕ್ಕಳಿರುವ ಮನೆಯಲ್ಲಿ ಅಜ್ಜನ ಅಂಗಿಯ ಕಿಸೆಯೂ ಕಿಟಕಿಯ ಕಟ್ಟೆಯೂ ಅದನ್ನು ಇಡುವ ಜಾಗಗಳಲ್ಲ. ಕಾಗದದಲ್ಲಿ ಸುತ್ತಿ ಮುಚ್ಚಳವಿರುವ ಕಸದ ಡಬ್ಬಿಗೆ ಹಾಕಬೇಕು.